ಡಯಾಲಿಸಿಸ್‌ನವರಿಗೆ ಜ್ವರ ತಡವಾಗಿ ಬರುತ್ತದೆ, ಸೋಂಕು ಮೊದಲೇ ಬಂದಿರುತ್ತದೆ

ಕಿಡ್ನಿ ಕೈಕೊಟ್ಟವರಿಗೆ ರೋಗನಿರೋಧಕ ಶಕ್ತಿ ಕಮ್ಮಿ ಎಂದು ಒಂದೇ ಮಾತಿನಲ್ಲಿ ಮುಗಿಸುವುದುಂಟು. ಅದು ಅರ್ಧ ನಿಜ. ಡಯಾಲಿಸಿಸ್‌ನಲ್ಲಿರುವ ಎಷ್ಟೋ ಜನರ ಸಿಆರ್‌ಪಿ (ಉರಿಯೂತವನ್ನು ತೋರಿಸುವ ರಕ್ತದ ಅಂಶ) ಯಾವ ಸೋಂಕೂ ಇಲ್ಲದೆ ಏರಿಯೇ ಇರುತ್ತದೆ. ಉರಿಯೂತ ಒಳಗೊಳಗೇ ಸದಾ ಹೊಗೆಯಾಡುತ್ತಿರುತ್ತದೆ. ಆದರೆ ನಿಜವಾದ ಬ್ಯಾಕ್ಟೀರಿಯಾ ಒಳನುಗ್ಗಿದಾಗ ದೇಹದ ಪ್ರತಿಕ್ರಿಯೆ ಮಂದ. ಡಯಾಲಿಸಿಸ್ ರೋಗಿಗಳ ಸಾವಿಗೆ ಹೃದ್ರೋಗದ ನಂತರದ ದೊಡ್ಡ ಕಾರಣ ಸೋಂಕೇ.

ಕಾರಣಗಳಲ್ಲಿ ಮುಖ್ಯವಾದದ್ದು ರಕ್ತದಲ್ಲಿ ಉಳಿದುಬಿಡುವ ವಿಷಗಳು. ಕರುಳಿನ ಬ್ಯಾಕ್ಟೀರಿಯಾ ಪ್ರೋಟೀನನ್ನು ಒಡೆದಾಗ ಹುಟ್ಟುವ ವಸ್ತುಗಳಿಂದ ಇಂಡಾಕ್ಸಿಲ್ ಸಲ್ಫೇಟ್, ಪಿ-ಕ್ರೆಸಿಲ್ ಸಲ್ಫೇಟ್ ತಯಾರಾಗುತ್ತವೆ. ಇವು ರಕ್ತದ ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡಿರುವುದರಿಂದ ಡಯಲೈಸರ್ (ರಕ್ತ ಸೋಸುವ ಫಿಲ್ಟರ್) ಯೂರಿಯಾವನ್ನು ತೆಗೆದಷ್ಟು ಸುಲಭವಾಗಿ ಇವನ್ನು ತೆಗೆಯಲಾರದು. ಅದೂ ಅಲ್ಲದೆ, ವಾರಕ್ಕೆ 3 ಸಲ 4 ಗಂಟೆ ಎಂದರೆ 168 ಗಂಟೆಗಳಲ್ಲಿ ಬರೀ 12 ಗಂಟೆಯ ಶುದ್ಧೀಕರಣ. ಇದರ ಫಲವಾಗಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಾವನ್ನು ನುಂಗಿ ಕೊಲ್ಲುವುದು ಕುಂದುತ್ತದೆ. ಪ್ರತಿಕಾಯ ತಯಾರಿಸುವ ಬಿ ಕೋಶಗಳೂ, ಹೊಸ ರೋಗಾಣುವನ್ನು ಗುರುತಿಸಬೇಕಾದ ಎಳೆಯ ಟಿ ಕೋಶಗಳೂ ಕಡಿಮೆಯಾಗುತ್ತವೆ. ಪೌಷ್ಟಿಕತೆಯ ಕೊರತೆ, ವಿಟಮಿನ್ ಡಿ ಕೊರತೆ, ಮೈಯಲ್ಲಿ ಅತಿಯಾಗಿ ಶೇಖರವಾದ ಕಬ್ಬಿಣ ಇದಕ್ಕೆ ಸೇರಿಕೊಳ್ಳುತ್ತವೆ.

ಡಯಾಲಿಸಿಸ್ ನೀರನ್ನೂ ಮರೆಯುವಂತಿಲ್ಲ. ನೀರು ಶುದ್ಧೀಕರಣದಲ್ಲಿ ಲೋಪವಾದರೆ ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ಹೊರಕವಚದ ವಿಷ) ಚೂರುಗಳು ಡಯಲೈಸರ್‌ನ ತೆಳುಪೊರೆ ದಾಟಿ ಉರಿಯೂತ ಕೆರಳಿಸುತ್ತವೆ. ಅಲ್ಟ್ರಾಪ್ಯೂರ್ (ಅತಿಶುದ್ಧ) ಡಯಾಲಿಸಿಸ್ ದ್ರವದಲ್ಲಿ ಎಂಡೋಟಾಕ್ಸಿನ್ ಪ್ರತಿ ಮಿ.ಲೀ.ಗೆ 0.03 ಯೂನಿಟ್‌ಗಿಂತ ಕಡಿಮೆ ಇರಬೇಕು.

ಇಷ್ಟೆಲ್ಲದರ ಪರಿಣಾಮ ಸ್ಪಷ್ಟವಾಗಿ ಕಾಣುವುದು ಹೆಪಟೈಟಿಸ್ ಬಿ ಲಸಿಕೆಯಲ್ಲಿ. ಸಾಮಾನ್ಯ ವಯಸ್ಕರಿಗೆ 20 ಮೈಕ್ರೋಗ್ರಾಂನ 3 ಡೋಸ್ ಸಾಕು. ಡಯಾಲಿಸಿಸ್‌ನವರಿಗೆ ಅದೇ ಲಸಿಕೆಯನ್ನು ಪ್ರತಿ ಸಲ 40 ಮೈಕ್ರೋಗ್ರಾಂನಂತೆ 0, 1, 2 ಮತ್ತು 6ನೇ ತಿಂಗಳಲ್ಲಿ ಕೊಡುತ್ತಾರೆ. ಆದರೂ ಹಲವರಲ್ಲಿ ಪ್ರತಿಕಾಯ ಏರುವುದಿಲ್ಲ. ಆದ್ದರಿಂದ ಕಿಡ್ನಿ ಇನ್ನೂ ಅಷ್ಟಿಷ್ಟು ಕೆಲಸ ಮಾಡುತ್ತಿರುವಾಗಲೇ, ಡಯಾಲಿಸಿಸ್‌ಗೆ ಮುಂಚೆಯೇ, ಲಸಿಕೆ ಹಾಕಿಸಿಕೊಳ್ಳುವುದು ಜಾಣತನ. ಚುಚ್ಚುವುದು ತೋಳಿನ ಡೆಲ್ಟಾಯ್ಡ್ ಸ್ನಾಯುವಿಗೆ, ಅದೂ ಫಿಸ್ಟುಲಾ (ಡಯಾಲಿಸಿಸ್‌ಗಾಗಿ ಶಸ್ತ್ರಚಿಕಿತ್ಸೆಯಿಂದ ಜೋಡಿಸಿದ ರಕ್ತನಾಳ) ಇಲ್ಲದ ಕೈಗೆ. ಪೃಷ್ಠಕ್ಕೆ ಕೊಟ್ಟರೆ ಫಲ ಕಡಿಮೆ. ಕೊನೆಯ ಡೋಸ್ ಆಗಿ 1–2 ತಿಂಗಳಿಗೆ ಆಂಟಿ-ಎಚ್‌ಬಿಎಸ್ (ಲಸಿಕೆಯಿಂದ ಬಂದ ಪ್ರತಿಕಾಯದ ಮಟ್ಟ) ನೋಡಬೇಕು. ಅದು ಪ್ರತಿ ಮಿ.ಲೀ.ಗೆ 10 ಮಿಲಿ-ಯೂನಿಟ್‌ಗಿಂತ ಕಡಿಮೆ ಇದ್ದರೆ ಮತ್ತೆ ಪೂರ್ತಿ ಸುತ್ತು. ಪ್ರತಿಕಾಯ ಬಂದವರಿಗೂ ವರ್ಷಕ್ಕೊಮ್ಮೆ ಪರೀಕ್ಷೆ, ಇಳಿದಿದ್ದರೆ ಬೂಸ್ಟರ್. ಒಂದು ಎಚ್ಚರಿಕೆ: ಲಸಿಕೆ ಹಾಕಿಸಿಕೊಂಡ ಕೂಡಲೇ ಎಚ್‌ಬಿಎಸ್ ಆಂಟಿಜೆನ್ (ಹೆಪಟೈಟಿಸ್ ಬಿ ಸೋಂಕು ಇದೆಯೇ ಎಂಬ) ಪರೀಕ್ಷೆ ಮಾಡಿಸಿದರೆ ಲಸಿಕೆಯ ಅಂಶವೇ ಪಾಸಿಟಿವ್ ತೋರಿಸಬಹುದು, 18 ದಿನದವರೆಗೂ. ರೋಗಿಯನ್ನು ಸುಮ್ಮನೆ ಪ್ರತ್ಯೇಕ ಮೆಷಿನ್‌ಗೆ ಹಾಕುವ ಪ್ರಮೇಯ ಬರದಿರಲಿ.

ಇನ್ನು ಜ್ವರ. ಇವರಲ್ಲಿ ಹಲವರ ಮೈ ಉಷ್ಣತೆ ಮೊದಲೇ ಕೊಂಚ ಕಡಿಮೆ. ಹಾಗಾಗಿ ಥರ್ಮಾಮೀಟರ್ 37.5 ಡಿಗ್ರಿ ಸೆಲ್ಸಿಯಸ್ ತೋರಿಸಿದರೂ ಹಗುರವಾಗಿ ಎಣಿಸಬಾರದು. ಸುಸ್ತು, ಊಟ ಸೇರದಿರುವುದು, ಮಂಪರು, ಬಿಪಿ ಎಂದಿಗಿಂತ ಇಳಿಯುವುದು, ಇವೆಲ್ಲ ಸೋಂಕಿನ ಸುಳಿವಾಗಬಹುದು. ಕುತ್ತಿಗೆಯಲ್ಲಿ ಕ್ಯಾಥೆಟರ್ (ಡಯಾಲಿಸಿಸ್‌ಗಾಗಿ ರಕ್ತನಾಳಕ್ಕೆ ಹಾಕಿದ ನಳಿಕೆ) ಇದ್ದವರಿಗೆ ಡಯಾಲಿಸಿಸ್ ಶುರುವಾದ ಮೇಲೆ ಚಳಿ ನಡುಕ ಬಂದರೆ, ಬೇರೆ ಕಾರಣ ಸಿಗುವ ತನಕ ಅದು ಕ್ಯಾಥೆಟರ್ ಸೋಂಕೇ ಎಂದು ತಿಳಿಯಬೇಕು. ಮೊದಲು ಬ್ಲಡ್ ಕಲ್ಚರ್ (ರಕ್ತದಲ್ಲಿನ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ), ಆಮೇಲೆ ಆಂಟಿಬಯಾಟಿಕ್. ಈ ಕ್ರಮ ತಪ್ಪಿದರೆ ಯಾವ ಬ್ಯಾಕ್ಟೀರಿಯಾ ಎಂಬುದೇ ಸಿಗದೆ ಹೋಗಬಹುದು. ಪ್ಯಾರಾಸಿಟಮಾಲ್ ನುಂಗಿ ಮನೆಗೆ ಹೋಗಿ ಮಲಗುವುದು ಅಪಾಯ. ರಕ್ತದಲ್ಲಿ ಸೋಂಕಿರುವಾಗ ನರಕ್ಕೆ ಕೊಡುವ ಕಬ್ಬಿಣದ ಇಂಜೆಕ್ಷನ್ ನಿಲ್ಲಿಸುತ್ತಾರೆ, ಬ್ಯಾಕ್ಟೀರಿಯಾಕ್ಕೂ ಕಬ್ಬಿಣ ಬೇಕು. ಸಾಧ್ಯವಾದಷ್ಟು ಬೇಗ ಫಿಸ್ಟುಲಾ ಮಾಡಿಸಿ ಕ್ಯಾಥೆಟರ್ ತೆಗೆಸುವುದು ಯಾವ 'ಇಮ್ಯೂನಿಟಿ ಬೂಸ್ಟರ್' ಪುಡಿಗಿಂತಲೂ ಮೇಲು. ಆ ಪುಡಿಗಳಲ್ಲಿ ಕಿಡ್ನಿ ಕೈಕೊಟ್ಟವರಿಗೆ ಅಪಾಯವಾದ ಪೊಟ್ಯಾಸಿಯಂ ಎಷ್ಟಿದೆಯೋ ಯಾರು ಬಲ್ಲರು!

ಕಿಡ್ನಿ ಕಸಿಗೆ ಹೆಸರು ನೋಂದಾಯಿಸಿದವರು ಚಿಕನ್‌ಪಾಕ್ಸ್, ದಡಾರದಂಥ ಜೀವಂತ ಲಸಿಕೆಗಳ ಬಗ್ಗೆ ಈಗಲೇ ವೈದ್ಯರನ್ನು ಕೇಳಬೇಕು. ಬೇಕಿದ್ದರೆ ಅವು ಕಸಿಗೆ ಕನಿಷ್ಠ 4 ವಾರ ಮುಂಚೆ ಮುಗಿದಿರಬೇಕು. ಕಸಿಯ ನಂತರ ಸಾಮಾನ್ಯವಾಗಿ ಕೊಡುವುದಿಲ್ಲ.