ಕ್ಲಬ್ಬಿನ ಊಟದ ಕೊನೆಯ ಬಟ್ಟಲು

ಮಲೆನಾಡಿನ ಹಳೇ ಕ್ಲಬ್ಬುಗಳಲ್ಲಿ ಮನೆಮಂದಿಯೆಲ್ಲ ಕೂತು ಊಟ ಮಾಡಿದವರಿಗೆ ಕ್ರಮ ಗೊತ್ತೇ ಇರುತ್ತದೆ: ಟೊಮೆಟೊ ಸೂಪು, ಕಟ್ಲೆಟ್, ಫ್ರೈಡ್ ರೈಸ್. ಮಕ್ಕಳ ಕಣ್ಣು ಮಾತ್ರ ಕೊನೆಗೆ ನಡುಗುತ್ತಾ ಬರುವ ಕ್ಯಾರಮೆಲ್ ಕಸ್ಟರ್ಡಿನ ಮೇಲೆ. ಪುಡಿ ಕಲಸಿ ಮಾಡುವ ಹಳದಿ ಕಸ್ಟರ್ಡ್ ಅಲ್ಲ, ಅದರ ಜಾತಿಯೇ ಬೇರೆ.

ಆರು ಜನಕ್ಕೆ ಅರ್ಧ ಲೀಟರ್ ಗಟ್ಟಿ ಹಾಲು, 4 ಮೊಟ್ಟೆ, 80 ಗ್ರಾಂ ಸಕ್ಕರೆ, ಅರ್ಧ ಚಮಚ ವೆನಿಲ್ಲಾ ಎಸೆನ್ಸ್. ಪಾಕಕ್ಕೆ ಬೇರೆ 100 ಗ್ರಾಂ ಸಕ್ಕರೆ, 2 ಚಮಚ ನೀರು.

ಕೈಕೊಡುವುದು ಪಾಕವೇ. ಸಕ್ಕರೆ, ನೀರು ಒಲೆಯ ಮೇಲೆ ಕಾಯುವಾಗ ಚಮಚ ಆಡಿಸಿದರೆ ಸಕ್ಕರೆ ಮತ್ತೆ ಹರಳುಗಟ್ಟುತ್ತದೆ. ಪಾತ್ರೆಯನ್ನೇ ಹಿಡಿದು ತಿರುಗಿಸಿ. ಜೋನಿಬೆಲ್ಲದ ಬಣ್ಣ ಬಂತೋ, ತಕ್ಷಣ ಬಟ್ಟಲುಗಳ ತಳಕ್ಕೆ ಸುರಿಯಿರಿ. ಇನ್ನು ಹತ್ತು ಸೆಕೆಂಡ್ ತಡೆದರೂ ಕಹಿ.

ಸಕ್ಕರೆ ಹಾಕಿದ ಹಾಲು ಬೆರಳು ತಾಳುವಷ್ಟು ಬಿಸಿ ಇದ್ದರೆ ಸಾಕು. ಕುದಿಯುವ ಹಾಲು ಬಿದ್ದರೆ ಮೊಟ್ಟೆ ತರಿತರಿಯಾಗುತ್ತದೆ. ಮೊಟ್ಟೆಯನ್ನು ನೊರೆ ಏಳದಂತೆ ಕದಡಿ, ಹಾಲು, ಎಸೆನ್ಸ್ ಬೆರೆಸಿ, ಸೋಸಿ ಬಟ್ಟಲಿಗೆ ಹಾಕಿ. ಮೇಲೆ ಫಾಯಿಲ್ ಮುಚ್ಚದಿದ್ದರೆ ಹಬೆಯ ನೀರು ತೊಟ್ಟಿಕ್ಕಿ ಗುಂಡಿ ಬೀಳುತ್ತದೆ.

ಇಡ್ಲಿ ಪಾತ್ರೆಯಲ್ಲಿ ಸಣ್ಣ ಉರಿ, 20ರಿಂದ 25 ನಿಮಿಷ. ಕಡುಬಿಗೆ ಕೊಡುವ ಹಾಗೆ ಜೋರು ಉರಿ ಕೊಟ್ಟಿರೋ, ಒಳಗೆಲ್ಲ ಜೇನುಗೂಡಿನಂತೆ ತೂತು. ಅಂಚು ಗಟ್ಟಿಯಾಗಿ ನಡು ಇನ್ನೂ ಅಲುಗುತ್ತಿರುವಾಗಲೇ ಇಳಿಸಿ. ಉಳಿದದ್ದು ತನ್ನ ಬಿಸಿಯಲ್ಲೇ ಬೇಯುತ್ತದೆ.

ಆರಿದ ಮೇಲೆ ಫ್ರಿಜ್ಜಿನಲ್ಲಿ ಕನಿಷ್ಠ 4 ಗಂಟೆ. ರಾತ್ರಿಯಿಡೀ ಇಟ್ಟರೆ ಇನ್ನೂ ಒಳ್ಳೆಯದು, ಗಟ್ಟಿ ಪಾಕ ಕರಗಿ ರಸವಾಗಲು ಅಷ್ಟು ಹೊತ್ತು ಬೇಕು. ಬಡಿಸುವಾಗ ಅಂಚಿಗೆ ಚಾಕು ಆಡಿಸಿ, ತಟ್ಟೆ ಮುಚ್ಚಿ, ಒಂದೇ ಸಲಕ್ಕೆ ಬೋರಲು ಹಾಕಿ.