ಮೆಣಸಿನಕಾಯಿ ಚೀಲದಲ್ಲಿ ಯೂರೋ: ಸೋರ್ಸ್ ಕೋಡಿನ ಮೈಮ್ ಟೈಪ್ ಕುರಿತು

ಧಾರವಾಡದ ಸಪ್ತಾಪುರದಲ್ಲಿರುವ ನನ್ನ ಕೋಣೆಯಲ್ಲಿ ಸಂಜೆ ಹೊತ್ತು ಕೆಲವು ವಿದ್ಯಾರ್ಥಿಗಳಿಗೆ ಪೈಥಾನ್ ಹೇಳಿಕೊಡುತ್ತೇನೆ. ಒಬ್ಬರು ಬರೆದ ಪ್ರೋಗ್ರಾಮನ್ನು ಉಳಿದವರು ತಮ್ಮ ಮೊಬೈಲಿನಲ್ಲೇ ಓದಲಿ ಎಂದು ಹಳೆಯ ಕಂಪ್ಯೂಟರೊಂದನ್ನು ಸರ್ವರ್ ಮಾಡಿ ವೈಫೈಗೆ ಜೋಡಿಸಿಟ್ಟೆ. ಮೊದಲ ದಿನವೇ ಬ್ಯಾಡಗಿ ಕಡೆಯ ಹುಡುಗನೊಬ್ಬ ಮೊಬೈಲ್ ಮುಂದೆ ಹಿಡಿದು, “ಸರ, ಫೈಲ್ ಓಪನ್ ಆಗವಲ್ದು, ಬರೇ ಡೌನ್‌ಲೋಡ್ ಆಗಾಕತ್ತೈತಿ” ಎಂದ.

ತಪ್ಪು ಮೊಬೈಲಿನದಾಗಿರಲಿಲ್ಲ. ಬ್ರೌಸರ್ ಒಂದು ಫೈಲನ್ನು ತೋರಿಸಬೇಕೋ ಇಳಿಸಿಕೊಳ್ಳಬೇಕೋ ಎಂದು ತೀರ್ಮಾನಿಸುವುದು ಮುಖ್ಯವಾಗಿ ಸರ್ವರ್ ಕಳಿಸುವ ಕಂಟೆಂಟ್-ಟೈಪ್ ಎಂಬ ಸಾಲನ್ನು ನೋಡಿ. ಫೈಲಿನಲ್ಲಿರುವುದು ಯಾವ ಬಗೆಯದೆಂದು ಆ ಸಾಲು ಹೇಳುವ ಹೆಸರೇ ಮೈಮ್ ಟೈಪ್. ಸರ್ವರಾದರೋ ಆ ಸಾಲನ್ನು ತನ್ನ ಬಳಿಯಿರುವ ವಿಸ್ತರಣೆಗಳ, ಅಂದರೆ ಫೈಲಿನ ಹೆಸರಿನ ತುದಿಯಲ್ಲಿ ಚುಕ್ಕೆಯ ನಂತರ ಬರುವ ಅಕ್ಷರಗಳ, ಪಟ್ಟಿಯಿಂದ ಎತ್ತಿಕೊಳ್ಳುತ್ತದೆ. ನನ್ನ ಸರ್ವರಿನ ಪಟ್ಟಿಯಲ್ಲಿ ಡಾಟ್ ಪಿವೈ ಇರಲೇ ಇಲ್ಲ. ಹಾಗಾಗಿ ಅದು ‘ಅಪ್ಲಿಕೇಶನ್/ಆಕ್ಟೆಟ್-ಸ್ಟ್ರೀಮ್’ ಎಂದು, ಅಂದರೆ ಇವು ಬೈಟುಗಳು, ಇದಕ್ಕಿಂತ ಹೆಚ್ಚು ಹೇಳಲಾರೆ ಎಂದು ಕೈತೊಳೆದುಕೊಂಡಿತ್ತು.

ಮೈಮ್ ಹುಟ್ಟಿದ್ದು ವೆಬ್ಬಿಗಾಗಿ ಅಲ್ಲ. ಇಮೇಲ್ ಜೊತೆ ಚಿತ್ರ, ಧ್ವನಿ, ಇಂಗ್ಲಿಷೇತರ ಅಕ್ಷರಗಳು ಹೋಗಲಿ ಎಂದು ನಥಾನಿಯಲ್ ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ 1992ರಲ್ಲಿ ಆರ್‌ಎಫ್‌ಸಿ 1341ನ್ನು ಬರೆದರು. ಆರ್‌ಎಫ್‌ಸಿ ಎಂದರೆ ಇಂಟರ್ನೆಟ್ಟಿನ ರೀತಿನೀತಿಗಳನ್ನು ಬರೆದಿಡುವ, ಸಂಖ್ಯೆ ಹಚ್ಚಿದ ದಾಖಲೆ. ವೆಬ್ ಆ ಹೆಸರುಗಳನ್ನು ಕಡ ತಂದಿತು. ಅಧಿಕೃತ ನೋಂದಣಿಯನ್ನು ಐಯಾನಾ ಸಂಸ್ಥೆ ನೋಡಿಕೊಳ್ಳುತ್ತದೆಯಾದರೂ, ಸೋರ್ಸ್ ಕೋಡಿನ, ಅಂದರೆ ಪ್ರೋಗ್ರಾಮ್ ಬರೆದಿಟ್ಟ ಫೈಲಿನ, ವಿಷಯದಲ್ಲಿ ನಡೆದಿರುವುದು ಬಹುಪಾಲು ರೂಢಿಯೇ. ಪೈಥಾನಿಗೆ ‘ಟೆಕ್ಸ್ಟ್/ಎಕ್ಸ್-ಪೈಥಾನ್’ ಎನ್ನುತ್ತಾರೆ. ಸಿ ಭಾಷೆಗೆ ಒಂದು ಪಟ್ಟಿ ‘ಟೆಕ್ಸ್ಟ್/ಎಕ್ಸ್-ಸಿ’ ಎಂದರೆ ಇನ್ನೊಂದು ‘ಟೆಕ್ಸ್ಟ್/ಎಕ್ಸ್-ಸಿಎಸ್‌ಆರ್‌ಸಿ’ ಎನ್ನುತ್ತದೆ. ಆ ಎಕ್ಸ್ ಎಂಬುದು ನೋಂದಣಿಯಾಗಿಲ್ಲವೆಂಬುದರ ಗುರುತು. ಹೊಸ ಹೆಸರುಗಳಿಗೆ ಇದನ್ನು ಅಂಟಿಸಬೇಡಿ ಎಂದು 2012ರಲ್ಲೇ ಆರ್‌ಎಫ್‌ಸಿ 6648 ಹೇಳಿತಾದರೂ ಹಳೆಯವು ಹಾಗೆಯೇ ಉಳಿದಿವೆ.

ಈ ಹೆಸರುಗಳ ಹಿಂದಿರುವ ನಿಜವಾದ ಪ್ರಶ್ನೆ ಭಾಷೆ ಯಾವುದು ಎಂಬುದಲ್ಲ, ಪಡೆದವನು ಅದನ್ನು ಓದಬೇಕೋ ಓಡಿಸಬೇಕೋ ಎಂಬುದು. ಜಾವಾಸ್ಕ್ರಿಪ್ಟ್ ಕಥೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. 2006ರ ಆರ್‌ಎಫ್‌ಸಿ 4329, ಇದು ಓಡುವ ಪ್ರೋಗ್ರಾಮ್ ಆದ್ದರಿಂದ ‘ಟೆಕ್ಸ್ಟ್/ಜಾವಾಸ್ಕ್ರಿಪ್ಟ್’ ಎನ್ನುವುದನ್ನು ಬಿಟ್ಟು ‘ಅಪ್ಲಿಕೇಶನ್/ಜಾವಾಸ್ಕ್ರಿಪ್ಟ್’ ಎನ್ನಿರಿ ಎಂದಿತು. ಜನ ಕೇಳಲಿಲ್ಲ. ಕೊನೆಗೆ 2022ರಲ್ಲಿ ಆರ್‌ಎಫ್‌ಸಿ 9239 ಬಂದು, ‘ಟೆಕ್ಸ್ಟ್’ ಇರುವುದೇ ಸರಿ, ‘ಅಪ್ಲಿಕೇಶನ್’ ಇರುವುದು ಹಳತಾಯಿತು ಎಂದು ತಿರುಗಿಸಿತು. ಹದಿನಾರು ವರ್ಷದ ವಾದ ಹೊರಟಲ್ಲಿಗೇ ಬಂದು ನಿಂತಿತಾದರೂ, ಬ್ರೌಸರ್ ತಾನೇ ಓಡಿಸುವ ಈ ಭಾಷೆಯಲ್ಲಿ ಹೆಸರಿಗೆ ಬೆಲೆಯಿದೆ: ಪುಟದಲ್ಲಿ ‘ಮಾಡ್ಯೂಲ್’ ಎಂದು ಗುರುತಿಸಿ ಸೇರಿಸಿದ ಸ್ಕ್ರಿಪ್ಟಿಗೆ ಜಾವಾಸ್ಕ್ರಿಪ್ಟಿನದಲ್ಲದ ಟೈಪ್ ಬಂದರೆ ಬ್ರೌಸರ್ ಓಡಿಸಲು ಒಪ್ಪುವುದಿಲ್ಲ. ನಮ್ಮ ಪೈಥಾನ್ ಫೈಲಿನದು ಆ ಮಾತಲ್ಲ. ಅದನ್ನು ಮೊಬೈಲಿನಲ್ಲಿ ಓದಬೇಕಿತ್ತು, ಅಷ್ಟೇ. ಡಾಟ್ ಪಿವೈ ಎಂದರೆ ‘ಟೆಕ್ಸ್ಟ್/ಪ್ಲೇನ್’, ಅಂದರೆ ಬರಿಯ ಪಠ್ಯ, ಎಂದು ಪಟ್ಟಿಗೆ ಒಂದು ಸಾಲು ಸೇರಿಸಿದೆ.

ಫೈಲ್ ತೆರೆಯಿತು, ಕನ್ನಡ ಕೆಟ್ಟಿತು. ಆ ಹುಡುಗನ ಪ್ರೋಗ್ರಾಮ್ ಮೆಣಸಿನಕಾಯಿ ಮಾರಾಟದ ಲೆಕ್ಕದ್ದು. ಅದರಲ್ಲಿ ‘ಚೀಲದ ತೂಕ ಕಳೆಯಬೇಕು’ ಎಂಬ ಕಾಮೆಂಟಿತ್ತು, ಅಂದರೆ ಓದುವವರಿಗಾಗಿ ಬರೆದ ಟಿಪ್ಪಣಿ. ಮೊಬೈಲಿನಲ್ಲಿ ಅದರ ಬದಲು ತಲೆಯ ಮೇಲೆ ಓರೆಗೀಟು ಹೊತ್ತ ಇಂಗ್ಲಿಷ್ ಎ ಅಕ್ಷರಗಳ ಸಾಲು, ಅವುಗಳ ಪಕ್ಕದಲ್ಲಿ ಪುಟ್ಟ ಎರಡು ಮತ್ತು ಮೂರು, ನಡುವೆ ಒಂದು ಯೂರೋ ಚಿಹ್ನೆ. ಬ್ಯಾಡಗಿ ಮೆಣಸಿನಕಾಯಿಯ ಚೀಲದಲ್ಲಿ ಯೂರೋ ಎಲ್ಲಿಂದ ಬಂತೆಂದು ಎಲ್ಲರೂ ನಕ್ಕರು. ನಾನು ಮಾತ್ರ ಕಾಗದ ಹಿಡಿದು ಲೆಕ್ಕಕ್ಕೆ ಕೂತೆ. ‘ಚೀಲದ’ ಎಂಬುದು ನಮಗೆ ಮೂರಕ್ಷರ. ದೀರ್ಘದ ಗುರುತು ಬೇರೆಯಾದ್ದರಿಂದ, ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯುನಿಕೋಡಿಗೆ ಅದು ನಾಲ್ಕು, ಆ ಸಂಖ್ಯೆಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಒಂದೊಂದಕ್ಕೆ ಮೂರರಂತೆ 12 ಬೈಟು. ಕನ್ನಡದ ಪ್ರತಿ ಅಕ್ಷರದ ಮೊದಲ ಬೈಟು 224, ಎರಡನೆಯದು 178 ಅಥವಾ 179. ಇವನ್ನೇ ವಿಂಡೋಸ್-1252 ಎಂಬ ಹಳೆಯ ಕೋಷ್ಟಕದಲ್ಲಿ ಓದಿದರೆ 224 ಓರೆಗೀಟಿನ ಎ ಆಗುತ್ತದೆ, 178 ಮತ್ತು 179 ಪುಟ್ಟ ಎರಡು, ಮೂರು ಆಗುತ್ತವೆ. ‘ಚೀ’ಯ ದೀರ್ಘದ ಕೊನೆಯ ಬೈಟು 128, ಆ ಕೋಷ್ಟಕದಲ್ಲಿ 128 ಎಂದರೆ ಯೂರೋ.

ಪ್ರೋಗ್ರಾಮ್ ಓಡಿಸಿದಾಗ ಯಾವ ದೋಷವೂ ಬರಲಿಲ್ಲ, ಏಕೆಂದರೆ ಪೈಥಾನ್ 3 ಬೇರೆ ಸೂಚನೆಯಿಲ್ಲದಿದ್ದರೆ ಫೈಲನ್ನು ಯುಟಿಎಫ್-8 ಎಂದೇ ಹಿಡಿಯುತ್ತದೆ. ಬ್ರೌಸರಿಗೆ ಹಾಗೆಂದು ಯಾರೂ ಹೇಳಿರಲಿಲ್ಲ. ಕಂಟೆಂಟ್-ಟೈಪ್ ಸಾಲಿನ ತುದಿಗೆ ‘ಚಾರ್‌ಸೆಟ್=ಯುಟಿಎಫ್-8’ ಎಂದು ಸೇರಿಸಿ ಮರುಲೋಡ್ ಮಾಡಿದಾಗ ಚೀಲ ಚೀಲವಾಯಿತು. ಇಂಗ್ಲಿಷಿನಲ್ಲೇ ಕಾಮೆಂಟ್ ಬರೆಯುವವರಿಗೆ ಈ ಕೊರತೆ ವರ್ಷಗಟ್ಟಲೆ ಕಣ್ಣಿಗೆ ಬೀಳುವುದಿಲ್ಲ. ಕನ್ನಡದಲ್ಲಿ ಬರೆಯುವವರಿಗೆ ಮೊದಲ ಸಾಲಿಗೇ ಬೀಳುತ್ತದೆ.

ಆಮೇಲೆ ಉಳಿದ ವಿಸ್ತರಣೆಗಳನ್ನೂ ನೋಡಿದೆ. ಡಾಟ್ ಟಿಎಸ್ ಎಂಬುದು ಟೈಪ್‌ಸ್ಕ್ರಿಪ್ಟ್ ಭಾಷೆಯದು ಎಂದು ನಾನು ತಿಳಿದಿದ್ದರೆ, ಸರ್ವರಿನ ಪಟ್ಟಿ ಅದನ್ನು ‘ವಿಡಿಯೋ/ಎಂಪಿ2ಟಿ’ ಎಂದು ಬರೆದುಕೊಂಡಿತ್ತು. ಟೈಪ್‌ಸ್ಕ್ರಿಪ್ಟ್ ಹೊರಬಂದದ್ದು 2012ರಲ್ಲಿ, ವಿಡಿಯೋದವರು ಆ ಎರಡಕ್ಷರವನ್ನು ಅದಕ್ಕೂ ಬಹಳ ಮುಂಚೆ ಹಿಡಿದಿದ್ದರು. ಡಾಟ್ ಪಿಎಲ್ ಪರ್ಲ್ ಭಾಷೆಯದಾಗಬಹುದು, ಪ್ರೋಲಾಗ್ ಭಾಷೆಯದಾಗಬಹುದು. ಓದಲಿಕ್ಕೆ ಇಟ್ಟ ಫೋಲ್ಡರಿನಲ್ಲಿ ಈ ಜಗಳ ಬಿಡಿಸುವ ಅಗತ್ಯವೇ ಇಲ್ಲವಾದ್ದರಿಂದ ಪಿವೈ, ಸಿ, ಜಾವಾ, ಪಿಎಲ್, ಟಿಎಸ್ ಎಲ್ಲವನ್ನೂ ಆ ಫೋಲ್ಡರಿನ ಮಟ್ಟಿಗೆ ‘ಟೆಕ್ಸ್ಟ್/ಪ್ಲೇನ್’ ಎಂಬ ಒಂದೇ ಸಾಲಿಗೆ ತಂದಿದ್ದೇನೆ. ಜಾವಾಸ್ಕ್ರಿಪ್ಟಿನ ಜೆಎಸ್ ಮಾತ್ರ ತನ್ನ ಹೆಸರಿನಲ್ಲೇ ಇದೆ, ಏಕೆಂದರೆ ಫೈಲುಗಳ ಪಟ್ಟಿ ತೋರಿಸುವ ಪುಟಕ್ಕೆ ಅದು ಓಡಬೇಕು.