ಗೆರೆ ಏಳದಿದ್ದರೆ ಟ್ಯೂಬನ್ನು ನಂಬಬೇಡಿ

ಕಾಸರಗೋಡಿನ ಒಂದು ಆಸ್ಪತ್ರೆಯಲ್ಲಿ ನಾನು ಅನಸ್ತೇಶಿಯಾ ಟೆಕ್ನಿಷಿಯನ್. ಹೊಸದಾಗಿ ಸೇರುವ ಹುಡುಗರಿಗೆ ಮೊದಲು ತೋರಿಸುವುದೇ ಕ್ಯಾಪ್ನೋಗ್ರಾಫಿನ ಗೆರೆ. ರೋಗಿ ಬಿಡುವ ಉಸಿರಿನ ಕಾರ್ಬನ್ ಡೈಆಕ್ಸೈಡನ್ನು ಅದು ಅಳೆಯುತ್ತದೆ. ಪ್ರಜ್ಞೆ ತಪ್ಪಿಸಿದ ರೋಗಿಗೆ ಉಸಿರು ಕೊಡಲು ಬಾಯಿಯಿಂದ ಇಳಿಸುವ ಟ್ಯೂಬ್ ಶ್ವಾಸನಾಳದಲ್ಲಿದ್ದರೆ ಪ್ರತಿ ಉಸಿರಿಗೂ ಗೆರೆ ಎದ್ದು ಇಳಿಯುತ್ತದೆ, ಅಂಕಿ ಸಾಮಾನ್ಯವಾಗಿ 35ರಿಂದ 45 mmHg. ಅನ್ನನಾಳಕ್ಕೆ ಹೋಗಿದ್ದರೆ ಗೆರೆ ಮಲಗಿರುತ್ತದೆ.

"ಟ್ಯೂಬಿನೊಳಗೆ ಹಬೆ ಕಾಣ್ತಿದೆ, ಸ್ಯಾಚುರೇಶನ್ 99 ಇದೆ, ಸರಿಯಾಗೇ ಇದೆಯಲ್ಲ ಅಣ್ಣಾ?" ಅಂತ ಕೇಳುತ್ತಾರೆ. ಸ್ಯಾಚುರೇಶನ್ ಅಂದರೆ ರಕ್ತದಲ್ಲಿನ ಆಕ್ಸಿಜನ್ ಮಟ್ಟ. ಮೋಸ ಹೋಗುವುದು ಅಲ್ಲೇ. ಅನ್ನನಾಳದಲ್ಲಿದ್ದರೂ ಹಬೆ ಬರಬಹುದು. ಹೊಟ್ಟೆಗೆ ಹೋದ ಗಾಳಿಯ ಸದ್ದು ಎದೆಯ ಮೇಲಿಟ್ಟ ಸ್ಟೆತಸ್ಕೋಪಿಗೂ ಕೇಳಿಸಬಹುದು. ಮೊದಲೇ ಆಕ್ಸಿಜನ್ ಕೊಟ್ಟಿರುವುದರಿಂದ ಸ್ಯಾಚುರೇಶನ್ ಕೆಲವು ನಿಮಿಷ ಚೆನ್ನಾಗೇ ಇರುತ್ತದೆ. ಅದು ಇಳಿಯುವವರೆಗೆ ಕಾದರೆ ಹೊತ್ತು ಮೀರಿರುತ್ತದೆ.

ಒಂದೆರಡು ಸಲ ಗೆರೆ ಎದ್ದರೂ ಸಾಲದು. ನಮ್ಮ ಕಡೆ ಹೊಟ್ಟೆನೋವು ಅಂದರೆ ಗ್ಯಾಸಿರಬೇಕು ಅಂತ ಸೋಡಾ ಕುಡಿಸುವವರು ಜಾಸ್ತಿ. ಆಮೇಲೆ ನೋಡಿದರೆ ಅಪೆಂಡಿಕ್ಸ್! ಎಮರ್ಜೆನ್ಸಿಗೆ ತಂದಾಗ "ಏನೂ ತಿಂದಿಲ್ಲ" ಅನ್ನುತ್ತಾರೆ. ಸುಳ್ಳೇನಲ್ಲ, ಸೋಡಾ ಅವರ ಲೆಕ್ಕಕ್ಕೆ ಬರುವುದಿಲ್ಲ ಅಷ್ಟೇ. ಅದಕ್ಕೇ ಕನ್ನಡವೋ ಮಲಯಾಳವೋ ತುಳುವೋ, ಬಂದವರ ಭಾಷೆಯಲ್ಲಿ ಸೋಡಾದ ಹೆಸರೆತ್ತಿಯೇ ಕೇಳುತ್ತೇನೆ. ಅದರ ಗ್ಯಾಸೂ ಕಾರ್ಬನ್ ಡೈಆಕ್ಸೈಡೇ ಅಲ್ವಾ? ಟ್ಯೂಬ್ ತಪ್ಪಿ ಹೋಗಿದ್ದರೂ ಮೊದಲ ಕೆಲವು ಉಸಿರಿಗೆ ಗೆರೆ ಎದ್ದು, ಆಮೇಲೆ ಕುಗ್ಗುತ್ತಾ ಹೋಗುತ್ತದೆ. 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಕನಿಷ್ಠ 7 ಉಸಿರು ನೋಡಿ ಅನ್ನುತ್ತದೆ. ನಮ್ಮ ಡಾಕ್ಟರ್ ಮೇಡಂ ಎಲ್ಲರಿಗೂ ಕೇಳುವ ಹಾಗೆ ಎಣಿಸುತ್ತಾರೆ.

ಗೆರೆ ಬಾರದಿದ್ದರೆ ಮೊದಲು ಬೈಸಿಕೊಳ್ಳುವುದು ಮೆಷಿನ್ನು. ಆ ನೆಪಕ್ಕೆ ಜಾಗವೇ ಇರಬಾರದು. ಹಾಗಾಗಿ ಕೇಸಿಗೆ ಮೊದಲು ಸ್ಯಾಂಪ್ಲಿಂಗ್ ಲೈನಿಗೆ, ಅಂದರೆ ಉಸಿರನ್ನು ಮೆಷಿನ್ನಿಗೆ ಒಯ್ಯುವ ಸಣ್ಣ ಕೊಳವೆಗೆ, ನಾನೇ ಉಸಿರು ಬಿಟ್ಟು ನೋಡುತ್ತೇನೆ. ನೀರು ಕಟ್ಟಿದ್ದರೆ ಲೈನ್ ಬದಲಿಸುತ್ತೇನೆ. ಇಷ್ಟಾದ ಮೇಲೂ ಗೆರೆ ಏಳಲಿಲ್ಲ ಅಂದರೆ, ಬೇರೆ ಕಾರಣ ಸಾಬೀತಾಗುವವರೆಗೆ ಟ್ಯೂಬ್ ತಪ್ಪು ಜಾಗದಲ್ಲಿದೆ ಅಂತಲೇ ಲೆಕ್ಕ.

ಮೆಷಿನ್ ಇಲ್ಲದ ಕಡೆ ಬಣ್ಣ ಬದಲಿಸುವ ಪುಟ್ಟ ಡಿಟೆಕ್ಟರ್ ಸಿಗುತ್ತದೆ. ಕಾರ್ಬನ್ ಡೈಆಕ್ಸೈಡ್ ತಾಗಿದರೆ ನೇರಳೆ ಹಳದಿಯಾಗುತ್ತದೆ. ವಾಂತಿ ತಾಗಿ ಒದ್ದೆಯಾದರೆ ಅದನ್ನು ನಂಬುವ ಹಾಗಿಲ್ಲ. ರಬ್ಬರ್ ಬಲ್ಬೂ ಇದೆ. ಹಿಂಡಿ ಟ್ಯೂಬಿಗೆ ಸಿಕ್ಕಿಸಿ ಬಿಟ್ಟರೆ, ಶ್ವಾಸನಾಳದಲ್ಲಿದ್ದಾಗ ತಟ್ಟನೆ ಉಬ್ಬುತ್ತದೆ. ತುಂಬಾ ದಪ್ಪಗಿರುವವರಲ್ಲಿ, ತುಂಬು ಗರ್ಭಿಣಿಯರಲ್ಲಿ ಅದೂ ತಪ್ಪು ಹೇಳಬಹುದು. ಮಂಗಳೂರಿಗೆ ರೋಗಿಯನ್ನು ಕಳಿಸುವಾಗ ನಾನು ಕೈಯಲ್ಲಿ ಹಿಡಿಯುವ ಕ್ಯಾಪ್ನೋಗ್ರಾಫನ್ನೇ ಕೇಳಿ ಪಡೆಯುತ್ತೇನೆ. ಸ್ಟ್ರೆಚರಿಗೆ ಎತ್ತುವಾಗ, ಆಂಬುಲೆನ್ಸಿಗೆ ಏರಿಸುವಾಗ ಟ್ಯೂಬ್ ಜಾರುವುದುಂಟು.